ಸ್ನೋಬೋರ್ಡ್ ಸೀಳುವ ಮೊದಲು ಎಪಾಕ್ಸಿ ತಂದಿಟ್ಟುಕೊಳ್ಳಿ

ಹಳೆಯ ಸ್ನೋಬೋರ್ಡನ್ನು, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆಯನ್ನು, ಉದ್ದಕ್ಕೆ ಸೀಳಿದರೆ ಎರಡು ಅಗಲವಾದ ಸ್ಕೀಗಳಾಗುತ್ತವೆ. ಅವುಗಳ ಮೇಲೆ ನಡೆದು ಬೆಟ್ಟ ಹತ್ತಬಹುದು, ನೆತ್ತಿಯಲ್ಲಿ ಎರಡನ್ನೂ ಜೋಡಿಸಿ ಒಂದೇ ಹಲಗೆಯಾಗಿ ಇಳಿಯಬಹುದು. ನಾನು ಇದುವರೆಗೆ ಎರಡು ಹಲಗೆ ಸೀಳಿದ್ದೇನೆ. ಮೊದಲನೆಯದು ಒಂದೇ ಚಳಿಗಾಲಕ್ಕೆ ಕೆಟ್ಟಿತು. ಗರಗಸದ ತಪ್ಪೇನೂ ಇರಲಿಲ್ಲ, ಅವಸರ ನನ್ನದು.

ಹಲಗೆ ಸ್ವಲ್ಪ ಉದ್ದವೂ ಗಡುಸೂ ಆಗಿರಲಿ. ಸೀಳಿದ ಮೇಲೆ ಅದು ಮೊದಲಿಗಿಂತ ಸುಲಭವಾಗಿ ತಿರುಚಿಕೊಳ್ಳುತ್ತದೆ. ಬೈಂಡಿಂಗ್ (ಬೂಟನ್ನು ಹಲಗೆಗೆ ಬಿಗಿಯುವ ಸಾಧನ) ಕೂರಿಸಲು ನಟ್ಟನಡುವೆ ಚಾನೆಲ್, ಅಂದರೆ ಉದ್ದನೆಯ ತೋಡು, ಇರುವ ಹಲಗೆಯನ್ನು ಮುಟ್ಟಲೇಬೇಡಿ, ಗರಗಸ ಅದರ ಮೇಲೆಯೇ ಹಾಯಬೇಕಾಗುತ್ತದೆ. ಕೊಕ್ಕೆ, ಕ್ಲಿಪ್ಪು, ಬೈಂಡಿಂಗ್ ಕೂರಿಸುವ ಬಿಲ್ಲೆಗಳನ್ನು ನೀವೇ ಮಾಡಲು ಹೋಗಬೇಡಿ. ಅಮೆರಿಕದ ಯೂಟಾದ ವೋಲೆ ಕಂಪನಿ 1990ರ ದಶಕದಲ್ಲೇ ತಂದಂಥ ಸ್ಪ್ಲಿಟ್ ಕಿಟ್ ಒಂದನ್ನು ಕೊಳ್ಳಿ.

ಮೂತಿಯಿಂದ ಬಾಲದವರೆಗೆ ನಾಲ್ಕೈದು ಕಡೆ ಅಗಲ ಅಳೆದು ನಡುಬಿಂದು ಗುರುತಿಸಿ, ದಾರ ಎಳೆದು ಗೆರೆ ಹಾಕಿ. ಎರಡೂ ತುದಿಗಳ ಉಕ್ಕಿನ ಅಂಚನ್ನು ತೆಳು ಡಿಸ್ಕಿನ ಗ್ರೈಂಡರಿನಿಂದ ಮೊದಲೇ ಕತ್ತರಿಸಿ. ಇದನ್ನು ಮಾಡದೆ ಮರದ ಬ್ಲೇಡನ್ನೇ ಉಕ್ಕಿಗೆ ತಾಗಿಸಿ ನಾನು ಮೂರು ಹಲ್ಲು ಕಳೆದುಕೊಂಡೆ. ಬ್ಲೇಡಿನ ಹಲ್ಲು, ನನ್ನದಲ್ಲ. ನಂತರ ತಳ ಮೇಲಾಗಿ ಮಲಗಿಸಿ, ಅಲ್ಯುಮಿನಿಯಂ ಪಟ್ಟಿಯೊಂದನ್ನು ಗೆರೆಗೆ ಸಮಾನಾಂತರವಾಗಿ ಕ್ಲ್ಯಾಂಪಿನಿಂದ ಬಿಗಿದು, ಅದಕ್ಕೆ ಒತ್ತಿಕೊಂಡು ಸರ್ಕ್ಯುಲರ್ ಗರಗಸ ಓಡಿಸಿ. ನಡುವೆ ನಿಂತರೆ ತಳದ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಅಂಟುತ್ತದೆ, ಸುಟ್ಟ ಮೇಣದಂಥ ವಾಸನೆ ಬರುತ್ತದೆ. ಬಾಗಿದ ತುದಿಗಳನ್ನು ಕೈಗರಗಸದಲ್ಲಿ ಮುಗಿಸಿ. ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಟ್ಟೆಯ ಮಾಸ್ಕ್ ಸಾಲದು, ಫಿಲ್ಟರ್ ಇರುವುದೇ ಬೇಕು, ಕನ್ನಡಕವೂ ಇರಲಿ.

ಸೀಳುವ ಕೆಲಸ ಹತ್ತು ನಿಮಿಷದ್ದು. ನಿಜವಾದ ಕೆಲಸ ಇನ್ನು ಮುಂದೆ. ಹೊಸ ಅಂಚಿನಲ್ಲಿ ಹಲಗೆಯ ಒಳಗಿನ ಮರ ಬೆತ್ತಲಾಗಿರುತ್ತದೆ. ಮೊದಲ ಸಲ ನಾನು ಒಂದೇ ಲೇಪ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಹಚ್ಚಿ ಮರುದಿನವೇ ಹಿಮಕ್ಕೆ ಹೊರಟೆ. ಕರಗಿದ ಹಿಮದ ನೀರು ಕುಡಿದ ಮರ ಉಬ್ಬಿತು, ಮೇಲಿನ ಪದರ ಹಪ್ಪಳದಂತೆ ಎದ್ದು ನಿಂತಿತು. ಎರಡನೆಯ ಸಲ ಉಪ್ಪುಕಾಗದದಿಂದ ಉಜ್ಜಿ, ಧೂಳೊರೆಸಿ, ಮೂರು ಲೇಪ ಕೊಟ್ಟೆ. ಪ್ರತಿ ಲೇಪ ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಹಗುರವಾಗಿ ಉಜ್ಜಿಯೇ ಮುಂದಿನದು. ಮೊದಲ ಲೇಪ ಮರದೊಳಗೆ ಇಂಗಿ ಮಾಯವಾಗುತ್ತದೆ. ಮುಗಿಯಿತು ಎಂದುಕೊಳ್ಳಬೇಡಿ.

ತೂತುಗಳನ್ನು ಸೀಳುವ ಮೊದಲೇ ಗುರುತಿಸುವುದು ಅಚ್ಚುಕಟ್ಟು ಎನಿಸುತ್ತದೆ. ಆದರೆ ಗರಗಸ ಎರಡು ಮೂರು ಮಿಲಿಮೀಟರ್ ತಿಂದುಹಾಕಿರುತ್ತದೆ, ಹಳೆಯ ಗುರುತು ಕೂಡುವುದಿಲ್ಲ. ಲೇಪ ಒಣಗಿದ ಎರಡು ಹೋಳುಗಳನ್ನು ಕ್ಲ್ಯಾಂಪಿನಿಂದ ಒತ್ತಿ ಜೋಡಿಸಿ, ಆಮೇಲೆ ಕಿಟ್ಟಿನ ಅಳತೆಪಟ್ಟಿ ಇಟ್ಟು ಗುರುತಿಸಿ. ತಳದ ಕಡೆಯಿಂದ ಬೋಲ್ಟಿನ ತಲೆ ಹುದುಗುವಷ್ಟು ಕೊರೆಯುವಾಗ ಡ್ರಿಲ್ ಬಿಟ್‌ಗೆ ಆಳದ ಗುರುತಾಗಿ ಟೇಪು ಸುತ್ತಿಕೊಳ್ಳಿ. ತೂತಿನ ಒಳಗೋಡೆಗೂ ಎಪಾಕ್ಸಿ ಸವರಿ, ಬೋಲ್ಟು ಸಡಿಲವಾಗದಂತೆ ಎಳೆಗಳಿಗೆ ಲಾಕ್‌ಟೈಟ್ ಅಂಟು ಹಾಕಿ.

ಹತ್ತುವಾಗ ಹಿಂದಕ್ಕೆ ಜಾರದಂತೆ ತಳಕ್ಕೆ ಅಂಟಿಸುವ ಪಟ್ಟಿಗಳಾದ ಸ್ಕಿನ್‌ಗಳನ್ನು ಉಕ್ಕಿನ ಅಂಚು ಹೊರಗೆ ಉಳಿಯುವಂತೆ ಕತ್ತರಿಸಿ. ಸೀಳಿದ ಕಡೆ ಉಕ್ಕೇ ಇಲ್ಲ, ಆದ್ದರಿಂದ ಗಟ್ಟಿ ಹಿಮದ ಓರೆಯಲ್ಲಿ ಈ ಹಲಗೆ ಜಾರುತ್ತದೆ. ಮೊದಲ ದಿನಗಳನ್ನು ಮೆತ್ತನೆ ಹಿಮದ ಸೌಮ್ಯ ಇಳಿಜಾರಿನಲ್ಲೇ ಕಳೆಯಿರಿ. ಮನೆಗೆ ಬಂದ ಮೇಲೆ ಸೀಳಿನ ಅಂಚಿನುದ್ದಕ್ಕೂ ಉಗುರು ಎಳೆದು ನೋಡಿ. ಎಲ್ಲಾದರೂ ತರಿ ಸಿಕ್ಕರೆ ಚೆನ್ನಾಗಿ ಒಣಗಲು ಬಿಟ್ಟು, ಅಲ್ಲಿಗೆ ಇನ್ನೊಂದು ಲೇಪ ಹಚ್ಚಿ.