ಜೀರಿಗೆ ಮಿಡಿಯ ತಳಿ ಉಳಿಸಿಕೊಳ್ಳುವುದು ಹೇಗೆ

ಕಳಸದ ನಮ್ಮ ತೋಟದ ಅಂಚಿನಲ್ಲಿ, ಹಳ್ಳದ ಪಕ್ಕ, ಅಜ್ಜನ ಕಾಲದ ಜೀರಿಗೆ ಮಿಡಿ, ಅಂದರೆ ಜೀರಿಗೆ ಪರಿಮಳದ ಉಪ್ಪಿನಕಾಯಿ ಮಾವಿನ ಮರ ಇದೆ. ಹಣ್ಣು ಉದುರುವ ಹೊತ್ತಿಗೆ ಬಂದವರೆಲ್ಲ ಎರಡು ಓಟೆ (ಮಾವಿನ ಗೊರಟು) ಕೇಳುತ್ತಾರೆ. ಕೊಡುತ್ತೇನೆ, ಆದರೆ ಒಂದು ಮಾತು ಹೇಳಿಯೇ ಕೊಡುತ್ತೇನೆ: ಇದರಿಂದ ಮಾವಿನ ಮರ ಬರುತ್ತದೆ, ಈ ಮರ ಬರುವುದಿಲ್ಲ.

ಯಾಕೆಂದರೆ ಮಾವಿಗೆ ಪರಾಗ ತರುವುದು ಹೆಚ್ಚಾಗಿ ನೊಣಗಳು. ಯಾವ ಮರದಿಂದ ತಂದವೋ ನೋಡಿದವರು ಯಾರು? ಆಚೆ ದಿಬ್ಬದ ಕಾಡುಮಾವಿನದ್ದೂ ಇರಬಹುದು. ನಮ್ಮ ಕಡೆಯ ಮಿಡಿ ಮರಗಳಲ್ಲಿ ಹೆಚ್ಚಿನವಕ್ಕೆ ಓಟೆಯೊಳಗೆ ಒಂದೇ ಭ್ರೂಣ. ಅದರಲ್ಲಿ ತಂದೆಯ ಗುಣವೂ ಸೇರಿರುತ್ತದೆ. ಘಟ್ಟದ ಕೆಳಗಿನ ಬಪ್ಪಕಾಯಿ, ಒಲೂರ್ ತರದ ಮಾವಿನ ಜಾತಿಗಳ ಕಥೆ ಬೇರೆ. ಅವುಗಳ ಒಂದೇ ಓಟೆಯಿಂದ ಹಲವು ಸಸಿ ಏಳುತ್ತವೆ, ಹೆಚ್ಚಿನವು ತಾಯಿಯ ಪಡಿಯಚ್ಚು.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಮಲ್ಲಿಕಾ, ಆಮ್ರಪಾಲಿ ಮಾವು ನೋಡಿ. ಮಲ್ಲಿಕಾಕ್ಕೆ ನೀಲಂ ತಾಯಿ, ದಶೇರಿ ತಂದೆ. ಆಮ್ರಪಾಲಿಗೆ ಅದೇ ಜೋಡಿ ತಿರುಗುಮುರುಗು. ಒಂದರದ್ದು ದಪ್ಪ ಹಣ್ಣು, ಇನ್ನೊಂದು ಗಿಡ್ಡ ಮರ. ಗೊತ್ತಿರುವ ತಂದೆ ತಾಯಿಯ ಮಕ್ಕಳೇ ಇಷ್ಟು ಬೇರೆಯಾದರೆ, ತಂದೆಯೇ ಗೊತ್ತಿಲ್ಲದ ಓಟೆಯನ್ನು ನಂಬುವುದು ಹೇಗೆ, ಅಲ್ವಾ?

ಹಾಗಾಗಿ ಕಸಿ ಕಟ್ಟಬೇಕು, ಅಂದರೆ ತಾಯಿಮರದ ಕಡ್ಡಿಯನ್ನು ಬೇರೆ ಮಾವಿನ ಸಸಿಗೆ, ಅಂದರೆ ಬುಡಗಿಡಕ್ಕೆ, ಕೂಡಿಸಬೇಕು. ಮೊದಲು ತಾಯಿಮರ ಪರೀಕ್ಷಿಸಿ. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು. ಬೆರಳಿಗೆ ಹತ್ತಿದ ಸೊನೆ ಒಣಗಿದ ಮೇಲೂ ಪರಿಮಳ ಉಳಿಯಬೇಕು. ಉಪ್ಪಿನಲ್ಲಿಟ್ಟ ಮಿಡಿ ವರ್ಷ ಕಳೆದರೂ ಮೆತ್ತಗಾಗಬಾರದು. ನನಗೆ ಈ ಕೊನೆಯದೇ ದೊಡ್ಡ ಪರೀಕ್ಷೆ.

ಬುಡಗಿಡಕ್ಕೆ ಕಾಡುಮಾವಿನ ಓಟೆ ಸಾಕು. ಹಣ್ಣು ಸಿಕ್ಕಿದ ವಾರದೊಳಗೇ ಬಿತ್ತಿ. ಮಾವಿನ ಬೀಜ ಒಣಗಿದರೆ ಸತ್ತಂತೆಯೇ, ಸುಮ್ನೆ ಕೂಡಿಡಬೇಡಿ. ಸಸಿ ಎದ್ದು ಎರಡು ವಾರದೊಳಗೆ, ಕಾಂಡ ಇನ್ನೂ ಕೆಂಪಗೆ ಎಳೆಯದಾಗಿರುವಾಗಲೇ ಕಟ್ಟುವುದು ಒಳ್ಳೆಯದು.

ಕಡ್ಡಿಗೆ ಮೂರು ನಾಲ್ಕು ತಿಂಗಳ ಬಲಿತ ತುದಿ ಬೇಕು. ಕಾಯಿ ಬಿಡುವ ಕೊಂಬೆಯದ್ದೇ ಆಗಬೇಕು. ಕೊಯ್ಯುವ ಏಳೆಂಟು ದಿನ ಮೊದಲು ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ತೊಟ್ಟು ತಾನಾಗಿ ಉದುರಿ ಮೊಗ್ಗು ಉಬ್ಬಿದರೆ ಕಡ್ಡಿ ತಯಾರು. ಮಿಡಿ ಮರ ಎತ್ತರ, ಮಳೆಗೆ ಜಾರುತ್ತದೆ. ಹತ್ತುವ ಅಭ್ಯಾಸ ಇದ್ದವರನ್ನೇ ಕರೆಯಿರಿ.

ಸಸಿಯ ತಲೆ ಕತ್ತರಿಸಿ, ನಡುವೆ ನಾಲ್ಕು ಸೆಂಟಿಮೀಟರ್ ಸೀಳಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಓರೆಯಾಗಿ ಹೆರೆಯಿರಿ. ಬ್ಲೇಡ್ ಹೊಸದಿರಲಿ, ಒಂದೇ ಎಳೆತಕ್ಕೆ ನುಣುಪಾಗಿ ಬರಬೇಕು. ಹೆರೆದ ಜಾಗವನ್ನು ಬೆರಳಲ್ಲಿ ಮುಟ್ಟಬೇಡಿ. ಕಡ್ಡಿ ಸಣ್ಣದಿದ್ದರೆ ನಡುವೆ ಕೂರಿಸದೆ ಒಂದು ಅಂಚಿಗೆ ಸರಿಸಿ: ಸಿಪ್ಪೆಗೆ ಸಿಪ್ಪೆ ಒಂದು ಬದಿಯಾದರೂ ಕೂಡಿದರೆ ಮಾತ್ರ ಜೀವ ಹಿಡಿಯುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ. ನಮ್ಮ ಮಳೆಗೆ ಚಾವಣಿ ಬೇಕೇ ಬೇಕು, ಗಾಯಕ್ಕೆ ನೀರಿಳಿದರೆ ಕೊಳೆಯುತ್ತದೆ. ಚಿಗುರು ಬಂದ ಮೇಲೆ ಕವರ್ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನೆಲ್ಲ ಚಿವುಟಿ, ಇಲ್ಲದಿದ್ದರೆ ಕಾಡುಮಾವೇ ಗೆಲ್ಲುತ್ತದೆ.

ಹಾಗಂತ ಓಟೆ ಹಾಕುವುದನ್ನು ಪೂರ್ತಿ ಬಿಡಬೇಡಿ. ನಮ್ಮ ಜೀರಿಗೆ ಮಿಡಿಯೂ ಯಾವತ್ತೋ ಹಳ್ಳದ ದಡದಲ್ಲಿ ತಾನಾಗಿ ಹುಟ್ಟಿದ ಸಸಿಯೇ. ನಾಲ್ಕೈದು ಓಟೆಗೆ ಬೇಲಿಸಾಲಿನಲ್ಲಿ ಜಾಗ ಕೊಡಿ. ಕಾಯಿಗೆ ಕಸಿ ಗಿಡಕ್ಕಿಂತ ಜಾಸ್ತಿ ವರ್ಷ ಕಾಯಬೇಕು. ಮಿಡಿ ಬಿಟ್ಟಾಗ ಪ್ರತಿ ಮರದ್ದನ್ನೂ ಬೇರೆ ಬೇರೆ ಭರಣಿಯಲ್ಲಿ ಉಪ್ಪು ಹಾಕಿಟ್ಟು, ಮುಂದಿನ ವರ್ಷ ಗಟ್ಟಿಯಾಗಿ ಉಳಿದ ಮರದಿಂದ ಮಾತ್ರ ಕಡ್ಡಿ ತೆಗೆಯಿರಿ.