ಭಿನ್ನರಾಶಿ ಪಾಠಕ್ಕೆ ಮಳಖೇಡದ ಲೆಕ್ಕ

ಏಳನೇ ತರಗತಿಯ ಭಿನ್ನರಾಶಿಗೆ ಗಣಿತಜ್ಞ ಮಹಾವೀರಾಚಾರ್ಯರ ಈ ಸೂತ್ರ ಬಳಸಿ ನೋಡಿ, ಸರ್. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ, ಸುಮಾರು 850ರ ‘ಗಣಿತಸಾರಸಂಗ್ರಹ’ದಲ್ಲಿದೆ. 1ರಿಂದ ಶುರುಮಾಡಿ ಮೂರರಿಂದ ಗುಣಿಸುತ್ತ ಹೋಗಿ: 1, 3, 9, 27. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿ. ಛೇದಗಳು 2, 3, 9, 18. 1/2 + 1/3 + 1/9 + 1/18 ಕೂಡಿಸಿದರೆ ಸರಿಯಾಗಿ 1!

ಸೂತ್ರಕ್ಕಿಂತ ಮೊದಲು ರಟ್ಟಿನ ರೊಟ್ಟಿ ಕೊಡಿ. ಕೋನಮಾಪಕದಿಂದ 20 ಡಿಗ್ರಿಗೊಂದು ಗೆರೆ, ಒಟ್ಟು 18 ತುಂಡು. 9, 6, 2, 1 ಎಂದು ಹಂಚಲಿ. ಬರೀ ಹೆಸರು, ಇಸವಿ ಬರೆಸಿದರೆ ಸಾಲದು, ಲೆಕ್ಕವನ್ನೇ ಮಾಡಿಸಬೇಕು.

ಮಕ್ಕಳು ಕೊನೆಯ 27ನ್ನು 2/3ರಿಂದ ಗುಣಿಸದೆ ಹಾಗೇ ಬಿಟ್ಟರೆ ಮೊತ್ತ 53/54 ಆಗುತ್ತದೆ. ಅದನ್ನು ಅಳಿಸಬೇಡಿ. ಐದು ಪದ ತೆಗೆದುಕೊಳ್ಳಲು ಹೇಳಿ. 81ರ 2/3 ಅಂದರೆ 54, ಕೊರತೆಯಾದ ಅದೇ 1/54 ಅಲ್ಲಿ ಸಿಗುತ್ತದೆ.