ಮಳೆಬಾಟಲಿ, ಮಿಡಿಭರಣಿ, ಭರತದ ಕೋಲು: ಶಿರಸಿ ಸೀಮೆಯಲ್ಲಿ ನಮ್ಮ ಮನೆಪಾಠ

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆ ಅಂದಕೂಡಲೆ ಎದುರಿನವರು ಕೇಳುವುದು, "ಹಾಗಾದ್ರೆ ದಿನಾ ಏನು ಮಾಡಿಸ್ತೀರಿ?" ಆರು ಮತ್ತು ಹತ್ತು ವರ್ಷದ ಇಬ್ಬರಿಗೆ ನಾವು ಮಾಡಿಸುವುದನ್ನು ಅಳತೆ ಸಮೇತ ಬರೆಯುತ್ತೇನೆ. ಕಟ್ಟಳೆ ಒಂದೇ: ಮಕ್ಕಳ ಕೈಗೆ ಕೊಡುವ ಕೆಲಸ ಮನೆಗೆ ನಿಜಕ್ಕೂ ಬೇಕಾದದ್ದಾಗಿರಬೇಕು. ಥರ್ಮಾಕೋಲಿನ ಜ್ವಾಲಾಮುಖಿ ಎರಡೇ ದಿನಕ್ಕೆ ಅಟ್ಟ ಸೇರುತ್ತದೆ. ತೊಟ್ಟಿಗೆ ನೀರು ಬಿತ್ತೋ ಇಲ್ಲವೋ, ಉಪ್ಪಿನಕಾಯಿ ಕೆಟ್ಟಿತೋ ಉಳಿಯಿತೋ ಎಂಬುದನ್ನು ಮಕ್ಕಳು ವರ್ಷಗಟ್ಟಲೆ ಮರೆಯುವುದಿಲ್ಲ.

ಮೊದಲು ಕಾಲದ ಮಾತು. ಬೇಸಿಗೆಯಲ್ಲಿ ಮಕ್ಕಳನ್ನು ಕಾಡಿಗೆ ಬಿಡಿ ಎಂಬ ಸಲಹೆ ನಮ್ಮ ಘಟ್ಟಕ್ಕೆ ಹೊಂದುವುದಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರದ ಕಡೆಯೂ ಅದು ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣುಗುಗಳ ಕಾಟ ಜೋರಾಗುವುದು ಒಣ ತಿಂಗಳುಗಳಲ್ಲಿ, ಅಂದರೆ ಡಿಸೆಂಬರಿನಿಂದ ಮೇವರೆಗೆ. ಆ ಆರು ತಿಂಗಳು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕಿನಲ್ಲಿ, ಅಂದರೆ ಒಣಗಿ ಬಿದ್ದ ಎಲೆಗಳಲ್ಲಿ, ಕೂತು ಆಡುವುದು ಪೂರ್ತಿ ಬಂದ್. ಅಂಗಳ, ಗದ್ದೆ, ಸಮುದ್ರ ತೀರ ಇದ್ದೇ ಇವೆ. ಬೆಟ್ಟಕ್ಕೆ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲ. ಮನೆಗೆ ಬಂದಕೂಡಲೆ ಬಿಸಿನೀರಿನ ಸ್ನಾನ. ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗ ನೋಡಲೇಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು ಎಂಬುದು ಆರು ವರ್ಷದ ಮಗುವಿಗೂ ಬಾಯಿಪಾಠ ಆಗಿರಬೇಕು. ಮಳೆಗಾಲದ ಉಂಬಳ (ಜಿಗಣೆ) ಇದರ ಮುಂದೆ ಏನೂ ಅಲ್ಲ. ಅದರ ಸಪೂರ ತುದಿಯ ಕೆಳಗೆ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ, ಗಾಯವನ್ನು ಸಾಬೂನಿನಲ್ಲಿ ತೊಳೆದರಾಯಿತು.

ಮಳೆಗಾಲದ ದೊಡ್ಡ ಕೆಲಸ ಮಳೆ ಅಳೆಯುವುದು. ಎರಡು ಲೀಟರಿನ ತಂಪುಪಾನೀಯದ ಬಾಟಲಿ ಸಾಕು, ಆದರೆ ಮೈ ನೇರವಾಗಿರಬೇಕು. ನಡುವೆ ಸೊಂಟದ ಹಾಗೆ ಒಳಗೆ ಹೋದ ಬಾಟಲಿ ಬೇಡ. ಹೆಗಲು ಮುಗಿದು ನೇರ ಮೈ ಶುರುವಾಗುವಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಕೂರಿಸಿದರೆ ಆಲಿಕೆ ಸಿದ್ಧ. ಬಾಟಲಿಯ ತಳ ಹೂವಿನ ಎಸಳಿನ ಹಾಗೆ ಏರುತಗ್ಗು ಇರುವುದರಿಂದ ಅಲ್ಲಿಂದ ಅಳೆದ ಲೆಕ್ಕ ತಪ್ಪುತ್ತದೆ. ಕೆಲವರು ಕಲ್ಲುಹರಳು ಹಾಕಿ ಸೊನ್ನೆಗೆರೆವರೆಗೆ ನೀರು ತುಂಬಿಸಿಡುತ್ತಾರೆ. ಖಾಲಿ ಮಾಡಿದ ಮೇಲೆ ಮತ್ತೆ ಆ ಗೆರೆವರೆಗೆ ತುಂಬಲು ಮಕ್ಕಳು ಮರೆತೇ ಮರೆಯುತ್ತಾರೆ, ಮರುದಿನ ಮಳೆ ಕಡಿಮೆ ಬಂದಂತೆ ಕಾಣುತ್ತದೆ. ಆದ್ದರಿಂದ ನಾವು ತಳಕ್ಕೆ ಸಿಮೆಂಟು-ಮರಳು ಕಲಸಿ ಹಾಕಿ ಸಮ ಮಾಡಿದೆವು. ಗಾಳಿಗೆ ಬಾಟಲಿ ಮಗುಚುವುದೂ ನಿಂತಿತು. ಸಿಮೆಂಟು ಒಣಗಿದ ಮೇಲೆ ಹೊರಗಿನಿಂದ ಪ್ಲಾಸ್ಟಿಕ್ ಸ್ಕೇಲನ್ನು ಸೊನ್ನೆ ಸರಿಯಾಗಿ ಸಿಮೆಂಟಿನ ಮೇಲ್ಮೈಗೆ ಬರುವಂತೆ ಅಂಟಿಸಬೇಕು. ಸ್ಕೇಲಿನ ತುದಿಯಲ್ಲಿ ಸೊನ್ನೆಗಿಂತ ಮೊದಲು ಇರುವ ಖಾಲಿ ಜಾಗವನ್ನು ಕತ್ತರಿಸದಿದ್ದರೆ ದಿನವೂ ಐದು ಮಿಲಿಮೀಟರ್ ತಪ್ಪು.

ಎಲ್ಲಿಡುವುದು ಎಂಬುದು ಅಷ್ಟೇ ಮುಖ್ಯ. ಹತ್ತಿರದ ಮರ, ಮನೆಯ ಮಾಡು (ಚಾವಣಿ) ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು. ಹದಿನೈದು ಮೀಟರಿನ ಅಡಿಕೆ ಮರವಾದರೆ ಮೂವತ್ತು ಮೀಟರ್. ಹಾಗಾಗಿ ತೋಟದೊಳಗೆ ಜಾಗವೇ ಸಿಗದು, ಗದ್ದೆಯ ಬದುವೇ ಗತಿ. ಬಾಟಲಿಯ ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲಿರಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದು ಸಿಡಿದ ಹನಿಯೂ ಒಳಗೆ ಸೇರುತ್ತದೆ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ ಎಂಟೂವರೆಗೆ ಓದುತ್ತೇವೆ. ನೀರಿನ ಮೇಲ್ಮೈ ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ತಗ್ಗಿನ ಅಂಕಿ ಬರೆಯಬೇಕು. ಜುಲೈನ ಜಡಿಮಳೆಗೆ ಬಾಟಲಿ ಉಕ್ಕುವ ದಿನಗಳಿರುತ್ತವೆ, ಆಗ ಸಂಜೆ ಐದಕ್ಕೂ ಓದಿ ಖಾಲಿ ಮಾಡಿ ಎರಡನ್ನೂ ಕೂಡಿಸುತ್ತೇವೆ.

ಹತ್ತು ವರ್ಷದ ಮಗುವಿಗೆ ಇನ್ನೊಂದು ದಾರಿಯಲ್ಲೂ ಲೆಕ್ಕ ಮಾಡಿಸಬಹುದು. ದಾರವನ್ನು ಬಾಟಲಿಗೆ ಒಂದು ಸುತ್ತು ಸುತ್ತಿ ಅಳೆದರೆ ಸುಮಾರು 34.5 ಸೆಂಟಿಮೀಟರ್ ಬರುತ್ತದೆ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 11, ತ್ರಿಜ್ಯ 5.5, ಬಾಯಿಯ ವಿಸ್ತೀರ್ಣ 95 ಚದರ ಸೆಂಟಿಮೀಟರ್. ಅಂದರೆ ಬಾಟಲಿಯ ನೀರನ್ನು ಔಷಧದ ಅಳತೆಲೋಟದಲ್ಲಿ ಅಳೆದಾಗ 95 ಮಿಲಿಲೀಟರ್ ಬಂದರೆ ಮಳೆ 10 ಮಿಲಿಮೀಟರ್. ಎರಡೂ ದಾರಿಯ ಉತ್ತರ ಹತ್ತಿರ ಬರದಿದ್ದರೆ ಸ್ಕೇಲು ಜಾರಿದೆ ಅಂತಲೇ ಅರ್ಥ. ಸಣ್ಣವನ ಕೆಲಸ ನೀರು ಸುರಿದು ಲೋಟ ಎಣಿಸುವುದು ಮಾತ್ರ. ಅವನಿಗೆ ದಶಮಾಂಶ ತುರುಕಲು ಹೋಗಬೇಡಿ.

ಈ ಅಂಕಿಗೆ ಮನೆಯಲ್ಲಿ ಏನು ಉಪಯೋಗ ಅಂದರೆ ಮಾಡಿನ ನೀರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಮಾಡನ್ನು ಅಳೆಯುವಾಗ ಹಂಚಿನ ಇಳಿಜಾರಿನ ಮೇಲೆ ಟೇಪು ಹಿಡಿಯಬಾರದು. ನೆಲದ ಮೇಲೆ, ಒಂದು ಸೂರಿನ ಹನಿಗೆರೆಯಿಂದ ಇನ್ನೊಂದರ ಹನಿಗೆರೆಗೆ ಅಳೆಯಬೇಕು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ ಬಂದರೆ 60 ಚದರ ಮೀಟರ್. ಸಾವಿರ ಲೀಟರಿನ ಟ್ಯಾಂಕು 17 ಮಿಲಿಮೀಟರ್ ಮಳೆಗೆ ತುಂಬಬೇಕು. ತುಂಬುವುದಿಲ್ಲ! ಮೊದಲ ಮಳೆಯನ್ನು ಒಣಹಂಚು ಕುಡಿಯುತ್ತದೆ, ಒಂದಷ್ಟು ಸೂರಿನ ನೀರು ಹಿಡಿಯುವ ದಂಬೆಯಿಂದ (ಅಡಿಕೆ ಮರದ ದೋಣಿಯಿಂದ) ಹೊರಗೆ ಹಾರುತ್ತದೆ. ಆ ಕೊರತೆ ಎಲ್ಲಿ ಹೋಯಿತು ಎಂದು ಹುಡುಕಿಸುವುದೇ ನನ್ನ ಮಟ್ಟಿಗೆ ಇಡೀ ಮಳೆಗಾಲದ ಒಳ್ಳೆಯ ಪಾಠ.

ತಿಂಗಳ ಮೊತ್ತದ ಜೊತೆ ಮಳೆ ನಕ್ಷತ್ರದ ಮೊತ್ತವನ್ನೂ ಬರೆಸುತ್ತೇವೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಹೀಗೆ ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. 365ನ್ನು 27ರಿಂದ ಭಾಗಿಸಿದರೆ ಅದು ಯಾಕೆ ಹಾಗೆಂದು ಮಕ್ಕಳಿಗೇ ಹೊಳೆಯುತ್ತದೆ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಎಂದು ಅಜ್ಜ ಹೇಳಿದರೆ ಪಟ್ಟಿ ತೆಗೆದು ತೋರಿಸಲು ಮಕ್ಕಳ ಹತ್ತಿರ ಅಂಕಿ ಇರುತ್ತದೆ.

ದಂಬೆಯ ವಿಷಯ ಬಂತಲ್ಲ, ನೀರಾಟಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಹಳೆಯ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ಮೂರು ಮೀಟರಿನ ಎರಡು ತುಂಡು, ಕವೆಗೋಲು ನಾಲ್ಕು. ಸೀಳುವುದು ದೊಡ್ಡವರ ಕೆಲಸ. ಅದರ ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ, ಅಂಚನ್ನು ಕಲ್ಲಿನಿಂದ ಉಜ್ಜಿಕೊಡಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಾಕು. ಮಟ್ಟ ನೋಡಲು ಗಾರೆಯವರ ಹತ್ತಿರ ಇರುವಂಥ, ನೀರು ತುಂಬಿದ ಪಾರದರ್ಶಕ ಪೈಪು, ಐದಾರು ಮೀಟರ್. ಒಳಗೆ ಗಾಳಿಗುಳ್ಳೆ ಉಳಿದರೆ ಎರಡು ತುದಿಯ ಮಟ್ಟ ಒಂದಾಗುವುದಿಲ್ಲ, ಬೆರಳಿನಿಂದ ತಟ್ಟಿ ಓಡಿಸಬೇಕು. ಜೋಡಿಸುವಾಗ ಮೇಲಿನ ದಂಬೆ ಕೆಳಗಿನದರ ಒಳಗೆ ಒಂದು ಗೇಣು ಚಾಚಿರಲಿ. ಮಕ್ಕಳು ಇದನ್ನು ತಪ್ಪದೆ ತಿರುಗುಮುರುಗು ಇಡುತ್ತಾರೆ, ನೀರೆಲ್ಲ ಸಂದಿಯಲ್ಲೇ ಸುರಿದುಹೋಗುತ್ತದೆ. ಹೇಳಿಕೊಡಬೇಡಿ, ಒಂದು ಸಲ ಸುರಿಯಲಿ. ಹಳ್ಳದಲ್ಲಿ ಮಾತ್ರ ಈ ಆಟ ಬೇಡ, ಅಂಗಳದ ನೀರೇ ಸಾಕು. ಮೇಲೆ ಎಲ್ಲೋ ಮಳೆ ಹೊಯ್ದರೂ ಹಳ್ಳ ಗಳಿಗೆಯಲ್ಲಿ ಏರುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಬಿದ್ದ ಮಿಡಿ ಬೇಡ, ಪೆಟ್ಟಾದಲ್ಲಿ ಮೆತ್ತಗಾಗಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಅರ್ಧ ಇಂಚು ಉಳಿದಿರಬೇಕು, ಇಲ್ಲದಿದ್ದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಸೊನೆ ತಾಗಿದರೆ ಚರ್ಮ ಸುಡುತ್ತದೆ, ಮಕ್ಕಳ ಕೈಗೆ ಮೊದಲೇ ಕೊಬ್ಬರಿ ಎಣ್ಣೆ. ಆರಿಸುವುದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸುವುದು, ಕಿಲೋಗೆ ಎಷ್ಟು ಮಿಡಿ ಕೂತಿತು ಎಂದು ಎಣಿಸುವುದು ಅವರ ಪಾಲು. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು: ತಳಕ್ಕೆ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು, ಕೊನೆಯ ಪದರ ದಪ್ಪ. ದಿನಕ್ಕೊಮ್ಮೆ ಭರಣಿ ಕುಲುಕಬೇಕು. ಹದಿನೈದು-ಇಪ್ಪತ್ತು ದಿನದಲ್ಲಿ ಮಿಡಿ ಸುಕ್ಕಾಗಿ ತನ್ನದೇ ನೀರಿನಲ್ಲಿ ಮುಳುಗುತ್ತದೆ. ಮುಳುಗದೆ ತೇಲಿದ್ದಕ್ಕೇ ಬೂಷ್ಟು, ಅದಕ್ಕೆ ತಟ್ಟೆ ಮುಚ್ಚಿ ತೊಳೆದು ಒಣಗಿಸಿದ ಕಲ್ಲು ಹೇರಿ.

ಭರಣಿಯ ಪಕ್ಕ ಎರಡು ಗಾಜಿನ ಬಾಟಲಿ ಮಕ್ಕಳದು. ಎರಡರಲ್ಲೂ ಮಿಡಿ ತೂಕ ಮಾಡಿ 200 ಗ್ರಾಂ. ಒಂದಕ್ಕೆ 50 ಗ್ರಾಂ ಉಪ್ಪು, ಇನ್ನೊಂದಕ್ಕೆ 20 ಗ್ರಾಂ. ಐದು ದಿನಕ್ಕೊಮ್ಮೆ ಒಣ ಚಮಚದಲ್ಲಿ ಮಿಡಿ ತೆಗೆದು ತೂಗಿ ಬರೆಯುವುದು. ಉಪ್ಪು ಕಡಿಮೆ ಇದ್ದದ್ದರಲ್ಲಿ ಬಿಳಿ ಪದರ ಕಟ್ಟಿದಾಗ ಚೆಲ್ಲಲು ಅವಸರ ಮಾಡಬೇಡಿ, ಮೂಸಿ ನೋಡಲಿ, ಆದರೆ ಯಾರೂ ತಿನ್ನುವುದು ಬೇಡ. ಅರೆಯುವ ಮಸಾಲೆ, ಅಂದರೆ ಕಿಲೋಗೆ ನೂರು ಗ್ರಾಂ ಬ್ಯಾಡಗಿ ಮೆಣಸು, ಅಷ್ಟೇ ಸಾಸಿವೆ, ಒಂದು ಚಮಚ ಅರಿಶಿನ, ದೊಡ್ಡವರಿಗೇ ಇರಲಿ.

ಆ ಉಪ್ಪು ಎಲ್ಲಿಂದ ಎಂದು ಕೇಳುವ ಮಕ್ಕಳಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರ ಬೇಸಿಗೆಯಲ್ಲಿ ನೋಡಲು ಸಿಗುತ್ತದೆ. ಮನೆಯಲ್ಲಿ ಮಾಡುವುದಾದರೆ ನದಿಮುಖದಿಂದ ದೂರದ ತೀರದ ಒಂದು ಲೀಟರ್ ನೀರು, ಅಗಲದ ಸ್ಟೀಲ್ ಪರಾತ. ನಲವತ್ತು ಸೆಂಟಿಮೀಟರ್ ಅಗಲದ ಪರಾತದಲ್ಲಿ ನೀರು ಎಂಟು ಮಿಲಿಮೀಟರ್ ನಿಲ್ಲುತ್ತದೆ, ಎರಡು-ಮೂರು ದಿನದ ಬಿಸಿಲಿಗೆ ಹರಳು ಕಟ್ಟುತ್ತದೆ. ಒಟ್ಟು 35 ಗ್ರಾಂ ಆಸುಪಾಸು ಬರಬೇಕು. ಕೊನೆಯಲ್ಲಿ ಉಳಿಯುವ ಅಂಟುನೀರು ಮೆಗ್ನೀಸಿಯಮ್ಮಿನಿಂದ ಕಹಿ, ಅದನ್ನು ಬಸಿಯದೆ ಒಣಗಿಸಿದರೆ ಉಪ್ಪು ಕಹಿಯಾಗುತ್ತದೆ, ಗಾಳಿಯಲ್ಲಿ ಬೇಗ ಪಸೆಯೂ ಆಗುತ್ತದೆ.

ಇಷ್ಟೆಲ್ಲ ಮಾಡಿದರೂ ಮಗ್ಗಿ ಬರುವುದಿಲ್ಲ, ಅಕ್ಷರ ದುಂಡಗಾಗುವುದಿಲ್ಲ. ಆಟದಿಂದಲೇ ಎಲ್ಲವೂ ಬರುತ್ತದೆ ಎನ್ನುವವರ ಮಾತು ನಂಬಬೇಡಿ. ಬೆಳಿಗ್ಗೆ ನಲವತ್ತು ನಿಮಿಷ ಮಣೆಯ ಮುಂದೆ ಕೂರಿಸುವುದು ನಮಗೆ ತಪ್ಪಿಲ್ಲ. ಪರೀಕ್ಷೆಯ ಮಾತು ಹೇಳುವುದಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಮನೆಪಾಠದ ಹೆಸರೆತ್ತುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಹಂತಗಳಿವೆ, ಹತ್ತನೆಯದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು.

ಭರತ-ಇಳಿತ ಅಳೆಯಲು ಘಟ್ಟ ಇಳಿಯಬೇಕು. ಅಘನಾಶಿನಿಯ ತದಡಿ ಕಡೆಯ ದಡವಾದರೆ ಅಲೆಯ ಹೊಡೆತವಿಲ್ಲ. ಮೂರು ಮೀಟರಿನ ಬಿದಿರಿಗೆ ಹತ್ತು ಸೆಂಟಿಮೀಟರಿಗೊಂದು ಪಟ್ಟಿ ಬಳಿದು, ನೀರು ಪೂರ್ತಿ ಇಳಿದಾಗ ನೀರಂಚಿನಲ್ಲಿ ದೊಡ್ಡವರೊಬ್ಬರು ಅರ್ಧ ಮೀಟರ್ ಆಳಕ್ಕೆ ಹುಗಿಯಬೇಕು. ಆಮೇಲೆ ದಡದಿಂದಲೇ ಅರ್ಧ ಗಂಟೆಗೊಮ್ಮೆ ಓದುವುದು, ಹದಿಮೂರು ಸಲ. ಮೊದಲ ಗಂಟೆ ನೀರು ಏರಿದ್ದೇ ಗೊತ್ತಾಗುವುದಿಲ್ಲ, ಮಕ್ಕಳಿಗೆ ಬೇಜಾರಾಗುತ್ತದೆ. ಮೂರನೇ-ನಾಲ್ಕನೇ ಗಂಟೆಯಲ್ಲಿ ಪಟ್ಟಿಗಳು ಒಂದರ ಹಿಂದೊಂದು ಮುಳುಗುತ್ತವೆ. ಅಮಾವಾಸ್ಯೆ ಅಥವಾ ಹುಣ್ಣಿಮೆಗೆ ಒಮ್ಮೆ, ಅಷ್ಟಮಿಗೆ ಒಮ್ಮೆ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮರುದಿನವೂ ಓದುವುದಾದರೆ ಸುಮಾರು ಐವತ್ತು ನಿಮಿಷ ತಡವಾಗಿ ಹೋಗಿ, ಇಲ್ಲದಿದ್ದರೆ ನೀರು ಇಳಿದು ಮುಗಿಯುವ ಮೊದಲೇ ದಡದಲ್ಲಿ ಕಾಯುತ್ತ ಕೂರಬೇಕಾಗುತ್ತದೆ.